ವೈದ್ಯನಾಗುವ ಮುನ್ನ

ನಮ್ಮ ಕಥೆ ಕಾದಂಬರಿಗಳಲ್ಲಿ ಡಾಕ್ಟರರಿಗೆ ಬರವಿಲ್ಲ. ಮಳೆಯ ರಾತ್ರಿಯಲ್ಲಿ ಹಳ್ಳ ದಾಟಿ ಬರುವ ಡಾಕ್ಟರ್, ನಾಯಕಿಯ ನಾಡಿ ಹಿಡಿದು ಇನ್ನು ಭಯವಿಲ್ಲವೆಂದು ಅಭಯ ಕೊಡುವ ಡಾಕ್ಟರ್, ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ಬಡವನನ್ನು ಕಾಯಿಸಿ ಕಾಯಿಸಿ ಕೊಲ್ಲುವ ಡಾಕ್ಟರ್, ಇವರೆಲ್ಲರೂ ಕನ್ನಡ ವಾಚಕರಿಗೆ ಚಿರಪರಿಚಿತರೇ. ಆದರೆ ಇವರು ಕಥೆಯೊಳಗೆ ಕಾಲಿಡುವಾಗಲೇ ಡಾಕ್ಟರರಾಗಿ ಬಂದವರು. ಕೈಯಲ್ಲಿ ಚೀಲ, ಕೊರಳಲ್ಲಿ ಸ್ಟೆತಾಸ್ಕೋಪು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಒಬ್ಬನೇ ಕುಳಿತು, ನಾನು ಈ ವಿದ್ಯೆಗೆ ತಕ್ಕವನೆ, ಈ ವಿದ್ಯೆ ನನಗೆ ತಕ್ಕದ್ದೆ ಎಂದು ತೂಗಿ ನೋಡಿದ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ನಮ್ಮ ಸಾಹಿತ್ಯ ಎಷ್ಟು ಸಲ ಕಂಡಿದೆ? ಈ ಪ್ರಶ್ನೆ ನನಗೆ ಪುಸ್ತಕದ ಕಪಾಟಿನ ಮುಂದೆ ಹೊಳೆದದ್ದಲ್ಲ; ವಿದ್ಯಾರ್ಥಿನಿಯೊಬ್ಬಳು ಕೇಳಿದ ಮಾತಿನಿಂದ ಎದ್ದದ್ದು.

ಔರಾದ್ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು ಬೀದರಿನಲ್ಲಿ ಓದಿದ ಹುಡುಗಿ ಅವಳು. ಎರಡು ವರ್ಷ ನನ್ನ ಕನ್ನಡ ತರಗತಿಯಲ್ಲಿ ಕುಳಿತವಳು. ನೀಟ್ ಪರೀಕ್ಷೆಯನ್ನು ಒಮ್ಮೆ ಬರೆದಿದ್ದಾಳೆ. ಸರ್ಕಾರಿ ಸೀಟಿಗೆ ಬೇಕಾದಷ್ಟು ಅಂಕ ಬಂದಿಲ್ಲ. ಟಿ.ಸಿ. ತೆಗೆದುಕೊಳ್ಳಲು ಕಾಲೇಜಿಗೆ ಬಂದವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

"ಯಾಕವ್ವಾ, ಏನಾತು?" ಎಂದೆ.

"ಇನ್ನೊಂದ್ ವರ್ಷ ರಿಪೀಟರ್ ಕೂಡ್ಲೇನ್ರಿ ಸರ್? ಅಪ್ಪ ಕೂಡು ಅಂತಾರ. ನನಗ ಖರೇನೇ ಡಾಕ್ಟರ್ ಆಗೋ ಮನಸದನೋ ಇಲ್ಲೋ, ನನಗೇ ತಿಳೀವಲ್ದು. ಹಿಂಗ ಆದವರ ಕಥಿ ಕನ್ನಡದಾಗ ಯಾವುದರ ಅದ ಏನ್ರಿ?"

"ನೋಡಿ ಹೇಳ್ತೀನವ್ವಾ" ಎಂದು ಕಳುಹಿಸಿದೆ. ಎಂ.ಎ. ಮಾಡಿ, ಇಪ್ಪತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವವನಿಗೆ ಇದು ಕಷ್ಟದ ಪ್ರಶ್ನೆಯೆನಿಸಲಿಲ್ಲ. ಎಂಟು ದಿನ ಹುಡುಕಿದ ಮೇಲೆ ಕಷ್ಟದ ಪ್ರಶ್ನೆಯೆಂದು ತಿಳಿಯಿತು. ಇಲ್ಲವೇ ಇಲ್ಲವೆಂದು ಸಾರುವುದು ವಿಮರ್ಶಕನಿಗೆ ಸಲ್ಲದ ಸಾಹಸ. ಆದರೆ ಒಂದು ಹದಿನೆಂಟರ ಹುಡುಗಿಯ ಕೈಗೆ, ತಗೊಳ್ಳವ್ವಾ ಇದು ನಿನ್ನದೇ ಕಥೆ ಎಂದು ಕೊಡಬಹುದಾದ ಪುಸ್ತಕ ನನ್ನ ಕೈಗೆ ಬರಲಿಲ್ಲವೆಂಬುದು ನಿಜ. ಈ ಬರಹ ಆ ಬರಿಗೈಯ ಫಲ.

ಬೀದರಿನವರಿಗೆ ಇದು ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ಬೆಳಗಿನ ಹೊತ್ತು ಚೌಬಾರದ ಸುತ್ತ, ೧೪೭೨ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಮುಂದೆ ನಿಂತರೆ, ಬೆನ್ನಿಗೆ ಭಾರದ ಚೀಲ ಹಾಕಿಕೊಂಡು ಕೋಚಿಂಗಿಗೆ ಹೊರಟ ಮಕ್ಕಳು ಕಾಣುತ್ತಾರೆ. ೧೯೮೯ರಲ್ಲಿ ಸಣ್ಣದಾಗಿ ಆರಂಭವಾದ ಶಾಹೀನ್ ಶಿಕ್ಷಣ ಸಂಸ್ಥೆ ಇಂದು ಹೊರ ರಾಜ್ಯಗಳ ಮಕ್ಕಳನ್ನೂ ಈ ಊರಿಗೆ ಸೆಳೆದಿದೆ. ಕುರಾನನ್ನು ಕಂಠಪಾಠ ಮಾಡಿದ ಹುಡುಗರು ಅನಂತರ ವಿಜ್ಞಾನ ಕಲಿತು ವೈದ್ಯಕೀಯ ಕಾಲೇಜು ಸೇರಿದ್ದು ಇಲ್ಲಿಯ ವಿಶೇಷ. ಅತ್ತ ಭಾಲ್ಕಿಯ ಬಳಿ ಕರಡ್ಯಾಳದ ಗುರುಕುಲದಲ್ಲಿಯೂ ಹಳ್ಳಿಯ ಮಕ್ಕಳು ಇದೇ ಕನಸಿನ ಬೆನ್ನು ಹತ್ತಿದ್ದಾರೆ. ೨೦೦೭ರಲ್ಲಿ ಬೀದರಿಗೆ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂತು. ೨೦೧೨ರ ಸಂವಿಧಾನ ತಿದ್ದುಪಡಿಯಿಂದ ೩೭೧(ಜೆ) ವಿಧಿ ಸೇರಿ, ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ನೂರಕ್ಕೆ ೭೦ರಷ್ಟು, ರಾಜ್ಯದ ಉಳಿದೆಡೆ ೮ರಷ್ಟು ಸೀಟುಗಳು ಮೀಸಲಾದವು. ಒಂದು ಕಾಲಕ್ಕೆ ಹೈದರಾಬಾದಿಗೋ ೧೯೬೩ರ ಮೇಲೆ ಕಲಬುರಗಿಗೋ ಹೋಗಬೇಕಾಗಿದ್ದ ಔರಾದಿನ ಹುಡುಗಿ ಇಂದು ಜಿಲ್ಲೆಯ ಗಡಿ ದಾಟದೆಯೇ ಡಾಕ್ಟರಾಗಬಹುದು. ಇದು ಸಣ್ಣ ಮಾತಲ್ಲ. ಇದನ್ನು ಹಗುರಾಗಿ ಕಾಣುವ ಉದ್ದೇಶವೂ ನನಗಿಲ್ಲ.

ಆದರೆ ದಾರಿ ಅಗಲವಾದಷ್ಟೂ ಆ ದಾರಿಯಲ್ಲಿ ನಿಂತು ಯೋಚಿಸುವ ಜಾಗ ಕಿರಿದಾಗಿದೆ. ನೀಟ್ ಪರೀಕ್ಷೆಗೆ ೧೮೦ ಪ್ರಶ್ನೆ, ೭೨೦ ಅಂಕ. ಸರಿಯಾದರೆ ನಾಲ್ಕು ಅಂಕ ಸೇರುತ್ತದೆ, ತಪ್ಪಾದರೆ ಒಂದು ಕಳೆಯುತ್ತದೆ. ೨೦೨೪ರಲ್ಲಿ ದೇಶದಾದ್ಯಂತ ೨೩ ಲಕ್ಷಕ್ಕೂ ಮಿಕ್ಕ ಮಕ್ಕಳು ಅದನ್ನು ಬರೆದರು, ಎಂ.ಬಿ.ಬಿ.ಎಸ್. ಸೀಟುಗಳೋ ಲಕ್ಷಕ್ಕೆ ತುಸು ಮೇಲೆ. ಆ ೧೮೦ ಪ್ರಶ್ನೆಗಳಲ್ಲಿ ನಮ್ಮ ಹುಡುಗಿಯ ಪ್ರಶ್ನೆ ಇಲ್ಲ. ಇರಬೇಕೆಂದು ನಾನು ಹೇಳುವುದಿಲ್ಲ. ಅದು ಪರೀಕ್ಷೆಯ ಕೆಲಸವಲ್ಲ. ಅದು ಸಾಹಿತ್ಯದ ಕೆಲಸ. ಸಾಹಿತ್ಯ ಆ ಕೆಲಸವನ್ನು ಮಾಡಿದೆಯೆ ಎಂಬುದಷ್ಟೇ ಇಲ್ಲಿಯ ವಿಚಾರ.

ಮೊದಲು ಹಳೆಯದನ್ನು ನೋಡೋಣ. ವೈದ್ಯ ಕನ್ನಡಕ್ಕೆ ಹೊಸಬನಲ್ಲ. ನಮ್ಮದೇ ಜಿಲ್ಲೆಯ ಕಲ್ಯಾಣದಿಂದ ಆಳಿದ ಚಾಲುಕ್ಯರ ಅರಸುಮನೆತನದ ಕೀರ್ತಿವರ್ಮ ಹನ್ನೆರಡನೆಯ ಶತಮಾನದಲ್ಲಿ 'ಗೋವೈದ್ಯ'ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ. ಅರಸುಕುಮಾರನೊಬ್ಬ ದನಕರುಗಳ ಬೇನೆಯ ಮೇಲೆ ಗ್ರಂಥ ರಚಿಸುವುದೆಂದರೆ ಸಾಮಾನ್ಯವೆ? ಇಂದು ಅದೇ ಜಿಲ್ಲೆಯಲ್ಲಿ ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಎಂ.ಬಿ.ಬಿ.ಎಸ್. ಸಿಗದಿದ್ದರೆ ಪಶುವೈದ್ಯವಾದರೂ ಆಗಲಿ ಎಂದು ಉಸಿರು ಬಿಡುವ ತಂದೆತಾಯಂದಿರಿಗೆ ಕೀರ್ತಿವರ್ಮನ ಹೆಸರನ್ನಾದರೂ ಹೇಳಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ಅದೇ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದ. ಹದಿನಾಲ್ಕನೆಯ ಶತಮಾನದ ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಕಾವ್ಯದ ಮೈಯಲ್ಲಿ ಹೇಳಿದ. ಇವು ಶಾಸ್ತ್ರಗ್ರಂಥಗಳು. ರೋಗವೇನು, ಮದ್ದೇನು ಎಂಬುದು ಇವುಗಳಲ್ಲಿದೆ. ಮದ್ದು ಅರೆಯುವವನ ಮನಸ್ಸು ಇಲ್ಲ. ಶಾಸ್ತ್ರದಿಂದ ಅದನ್ನು ಬಯಸುವುದೂ ತಪ್ಪು.

ಮನಸ್ಸಿನ ಮಾತು ಬಂದದ್ದು ವಚನಗಳ ಕಾಲಕ್ಕೆ. ಶರಣರ ನಡುವೆ ವೈದ್ಯ ಸಂಗಣ್ಣನೆಂಬವನಿದ್ದ. ರೋಗ, ಔಷಧ, ಪಥ್ಯ ಎಂಬ ತನ್ನ ಕಸುಬಿನ ಮಾತುಗಳನ್ನೇ ಅವನು ಅನುಭಾವಕ್ಕೆ ಬಳಸಿಕೊಂಡ. ವೃತ್ತಿಯೊಂದು ಮನುಷ್ಯನ ಅಂತರಂಗಕ್ಕೆ ಇಳಿದರೆ ಅವನ ಭಾಷೆಯೇ ಹೇಗೆ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಶರಣರು ದುಡಿಮೆಯನ್ನು ಕಾಯಕವೆಂದು ಕರೆದು, ಅದನ್ನು ಹುಟ್ಟಿನ ಹಣೆಬರಹದಿಂದ ಬಿಡಿಸಿ ಮನುಷ್ಯನ ಒಪ್ಪಿಗೆಗೆ ಸೇರಿಸಿದರು. ಒಪ್ಪಿಗೆ ಎಂದ ಮೇಲೆ ಅದರ ಹಿಂದೆ ಒಂದು ಯೋಚನೆ ಇರಲೇಬೇಕಲ್ಲವೆ? ಸಂಗಣ್ಣ ವೈದ್ಯನಾಗಿ ಏನು ಕಂಡನೆಂಬುದು ವಚನದಲ್ಲಿದೆ. ವೈದ್ಯನಾಗಲು ಹೇಗೆ ಒಪ್ಪಿದನೆಂಬುದು ಇಲ್ಲ. ಒಂಬೈನೂರು ವರ್ಷಗಳ ಹಿಂದೆ ಬಿಟ್ಟ ಆ ತೆರಪು ಇಂದಿಗೂ ಹಾಗೆಯೇ ಉಳಿದಿದೆ.

ಹೊಸಗನ್ನಡಕ್ಕೆ ಬಂದರೆ, ಕಾದಂಬರಿ ವೈದ್ಯನನ್ನು ಬಹುಮಟ್ಟಿಗೆ ಕಥೆಯ ಗಂಟು ಬಿಡಿಸುವ ಉಪಕರಣವಾಗಿ ಬಳಸಿಕೊಂಡಿತು. ತ್ರಿವೇಣಿಯವರು ಮನಶ್ಶಾಸ್ತ್ರವನ್ನು ಕನ್ನಡ ಕಾದಂಬರಿಗೆ ತಂದವರಲ್ಲಿ ಅಗ್ರಗಣ್ಯರು. 'ಶರಪಂಜರ'ದ ಕಾವೇರಿಯ ಒಳಗನ್ನು ಅವರು ಕಂಡಷ್ಟು ಮರುಕದಿಂದ ಕಂಡವರು ಅವರ ಕಾಲದಲ್ಲಿ ವಿರಳ. ಕಾಯಿಲೆ ವಾಸಿಯಾದರೂ ಮನೆ ಮತ್ತು ಸಮಾಜ ಆಕೆಯನ್ನು ವಾಸಿಯಾದವಳೆಂದು ಒಪ್ಪುವುದಿಲ್ಲವೆಂಬ ಸತ್ಯ ಆ ಕೃತಿಯ ಜೀವಾಳ. ಅಲ್ಲಿ ರೋಗಿಗೆ ಅಂತರಂಗವಿದೆ. ವೈದ್ಯನಿಗೆ ವಿದ್ಯೆ ಮಾತ್ರ ಇದೆ. ಇದು ತ್ರಿವೇಣಿಯವರ ದೋಷವಲ್ಲ. ಅವರು ಆರಿಸಿಕೊಂಡ ವಸ್ತು ಬೇರೆ. ಆದರೆ ಒಬ್ಬಿಬ್ಬರಲ್ಲ, ಬರೆದವರೆಲ್ಲ ಹೀಗೆಯೇ ಆರಿಸಿಕೊಂಡರೆ ಅದು ಸಾಹಿತ್ಯದ ಅಭ್ಯಾಸವಾಗಿಬಿಡುತ್ತದೆ.

ನಮ್ಮ ನೆರೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರ ಕಥೆಯನ್ನೇ ನೋಡಿ. ೧೯೩೮ರಲ್ಲಿ ಚೀನಾಕ್ಕೆ ಹೋಗಿ, ಗಾಯಾಳು ಸೈನಿಕರ ಶುಶ್ರೂಷೆ ಮಾಡುತ್ತ ೧೯೪೨ರಲ್ಲಿ ಅಲ್ಲಿಯೇ ತೀರಿಕೊಂಡವರು. ೧೯೪೬ರಲ್ಲಿ ಶಾಂತಾರಾಮರು ಅವರ ಮೇಲೆ ಚಿತ್ರ ತೆಗೆದರು. ನನ್ನ ತಂದೆಯ ತಲೆಮಾರಿನ ಮೇಷ್ಟರುಗಳು ಮಕ್ಕಳಿಗೆ ಹೇಳುತ್ತಿದ್ದ ಕಥೆ ಅದು. ಉಜ್ವಲವಾದ ಕಥೆಯೇ ಸರಿ. ಆದರೆ ಅದೂ ಪದವಿಯ ಪತ್ರ ಕೈಗೆ ಬಂದ ಮೇಲೆ ಆರಂಭವಾಗುವ ಕಥೆ.

ಹಾಗಾದರೆ ಸ್ವತಃ ವೈದ್ಯರಾಗಿದ್ದು ಬರೆದವರು? ಅವರಿಂದ ಇದನ್ನು ನಿರೀಕ್ಷಿಸುವುದು ನ್ಯಾಯ. ಕನ್ನಡದ ಭಾಗ್ಯವೆಂದರೆ ಅಂಥವರು ನಮ್ಮಲ್ಲಿ ಅನೇಕರಿದ್ದಾರೆ. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ೧೯೪೨ರಲ್ಲಿ 'ಕೊರವಂಜಿ'ಯನ್ನು ಹುಟ್ಟುಹಾಕಿ ನಾಡನ್ನು ನಗಿಸಿದರು. ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನ ಕಾದಂಬರಿಗಳ ಜೊತೆಗೆ 'ತಾಯಿ ಮಗು', 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ'ಗಳಂತಹ ಪುಸ್ತಕಗಳನ್ನು ಬರೆದು, ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಮಾತುಗಳನ್ನು ಹೆಣ್ಣುಮಕ್ಕಳಿಗೆ ಹೇಳಿದರು. ಆ ಉಪಕಾರ ದೊಡ್ಡದು. ಆದರೂ ಆ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿರಿ: ಕಿಶೋರಿಗೆ ಒಂದು, ದಂಪತಿಗಳಿಗೆ ಒಂದು, ತಾಯಿಗೆ ಒಂದು. ಡಾಕ್ಟರಾಗಲೋ ಬೇಡವೋ ಎಂದು ತೂಗಾಡುವ ಹುಡುಗಿಗೆ ಒಂದು ಬರೆದಿದ್ದರೆ ಆ ಮಾಲೆ ಪೂರ್ಣವಾಗುತ್ತಿತ್ತೆಂದು ನನಗನಿಸುತ್ತದೆ. ಅತ್ತ ಡಾ. ಡಿ. ಎಸ್. ಶಿವಪ್ಪನವರು ವೈದ್ಯಪದಗಳನ್ನು ಕನ್ನಡದಲ್ಲಿ ಕಟ್ಟಿದರು. ನಮ್ಮ ಕಲಬುರಗಿಯ ಡಾ. ಪಿ. ಎಸ್. ಶಂಕರರು ವೈದ್ಯಶಾಸ್ತ್ರವನ್ನು ತಿಳಿಗನ್ನಡದಲ್ಲಿ ಹೇಳಿದರು. ಎಲುಬಿಗೆ, ನರಕ್ಕೆ, ಶ್ವಾಸಕೋಶಕ್ಕೆ ಕನ್ನಡದ ಮಾತುಗಳು ದೊರೆತವು. ವೈದ್ಯನಾಗಲು ಹೊರಟವನ ಅಂಜಿಕೆಗೆ ಮಾತ್ರ ಇನ್ನೂ ಮಾತು ದೊರೆತಿಲ್ಲ.

ಡಾ. ಬೆಸಗರಹಳ್ಳಿ ರಾಮಣ್ಣನವರ 'ಗಾಂಧಿ' ಕಥೆಯ ವಿಚಾರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಗಾಂಧಿ ಎಂಬ ಹೆಸರಿನ ಹಳ್ಳಿಯ ಹುಡುಗ ಕಾಯಿಲೆಯಾಗಿ ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಬರುವ ಕಥೆ. ವ್ಯವಸ್ಥೆಯ ನಿರ್ದಯತೆಯನ್ನು ಒಳಗಿನಿಂದ ಬಲ್ಲ ವೈದ್ಯರೇ ಬರೆದದ್ದರಿಂದ ಅದರ ಏಟು ನೇರವಾಗಿ ಬೀಳುತ್ತದೆ. ಪಠ್ಯದಲ್ಲಿ ಇಲ್ಲದಿದ್ದರೂ ನಾನು ಅದನ್ನು ತರಗತಿಯಲ್ಲಿ ಓದಿ ಹೇಳಿದ್ದೇನೆ. ಪ್ರತಿ ಸಲವೂ ಕೋಣೆ ಸ್ತಬ್ಧವಾಗಿದೆ. ಆದರೆ ಒಂದು ವಿಷಯ ನನ್ನ ಲಕ್ಷ್ಯಕ್ಕೆ ಬಂದದ್ದು ತೀರ ಈಚೆಗೆ. ಕೇಳುತ್ತ ಕುಳಿತ ಮಕ್ಕಳಲ್ಲಿ ಅರ್ಧ ಜನ ನೀಟ್ ಪರೀಕ್ಷೆಗೆ ಸಿದ್ಧತೆ ನಡೆಸಿದವರು. ಕಥೆ ಮುಗಿದಾಗ ಎಲ್ಲರೂ ರೋಗಿಯ ಮಂಚದ ಬಳಿ ನಿಂತಿರುತ್ತಾರೆ. ಮೇಜಿನ ಆ ಕಡೆಯ ಕುರ್ಚಿಯಲ್ಲಿ ಒಬ್ಬರೂ ಕುಳಿತಿರುವುದಿಲ್ಲ. ಇನ್ನು ಆರು ವರ್ಷಕ್ಕೆ ಆ ಕುರ್ಚಿ ತನ್ನದಾದೀತು, ಆಗ ತಾನೇನು ಮಾಡಿಯೇನು ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಆ ಕುರ್ಚಿಯಲ್ಲಿ ಕುಳಿತವನೂ ಒಂದು ಕಾಲಕ್ಕೆ ಹದಿನೆಂಟರ ಹುಡುಗನಾಗಿದ್ದ, ಅವನ ತಾಯಿಯೂ ಪೇಢೆ ಹಂಚಿದ್ದಳು ಎಂಬ ಅರಿವಿಗೆ ಕಥೆಯಲ್ಲಿ ಜಾಗವಿಲ್ಲ. ಸಣ್ಣಕಥೆಯ ಮೈ ಚಿಕ್ಕದು. ಅದಕ್ಕಿಂತ ಹೆಚ್ಚನ್ನು ಅದು ಹೊರಲಾರದು. ರಾಮಣ್ಣನವರು ತಮ್ಮ ಪಾಲಿನದನ್ನು ಮಾಡಿದ್ದಾರೆ. ಉಳಿದ ಪಾಲನ್ನು ಇನ್ನೊಂದು ಕಥೆ ಹೇಳಬೇಕಾಗಿತ್ತು. ಆ ಇನ್ನೊಂದು ಕಥೆ ಇಲ್ಲದುದರಿಂದ, ವೈದ್ಯನನ್ನು ಹೊಗಳಿದರೂ ತೆಗಳಿದರೂ ನಾವು ಬಿಳಿಯ ಕೋಟನ್ನು ಹೊಗಳುತ್ತೇವೆ, ತೆಗಳುತ್ತೇವೆ. ಒಳಗಿನ ಮನುಷ್ಯ ನಮಗೆ ಸಿಗುವುದೇ ಇಲ್ಲ.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಕಾರಣವಿದೆ. ಅದನ್ನು ಮುಚ್ಚಿಟ್ಟು ವಿಮರ್ಶೆ ಬರೆದರೆ ಪ್ರಾಮಾಣಿಕವಾಗಲಾರದು.

೧೯೯೮ರಲ್ಲಿ ನಾನೂ ಸಿ.ಇ.ಟಿ. ಬರೆದಿದ್ದೆ. ಪಿ.ಯು.ಸಿ. ಅಂಕವನ್ನೂ ಸಿ.ಇ.ಟಿ. ಅಂಕವನ್ನೂ ಕೂಡಿಸಿ ರ‍್ಯಾಂಕ್ ಕೊಡುತ್ತಿದ್ದ ಕಾಲ ಅದು. ನನಗೆ ಬಂದ ರ‍್ಯಾಂಕಿಗೆ ಫ್ರೀ ಸೀಟು ಸಿಗುವಂತಿರಲಿಲ್ಲ. ಪೇಮೆಂಟ್ ಸೀಟು ಸಿಗುವಂತಿತ್ತು. ನಮ್ಮ ತಂದೆ ಭಾಲ್ಕಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು. ಔರಾದ್ ಕಡೆ ನಾಲ್ಕು ಎಕರೆ ಹೊಲವಿತ್ತು. "ಹೊಲ ಹೋದರ ಹೋಗ್ಲಿ, ಮನ್ಯಾಗ ಒಬ್ಬ ಡಾಕ್ಟರ್ ಆಗ್ಲಿ" ಎಂದರು. ನಾನು ಒಲ್ಲೆನೆಂದೆ, ಬಿ.ಎ.ಗೆ ಸೇರಿ ಕನ್ನಡ ಓದಿದೆ. ಹೊಲ ಉಳಿಸಿದ ಮಗನೆಂದು ಬಂಧುಬಳಗದಲ್ಲಿ ನನಗೆ ಒಳ್ಳೆಯ ಹೆಸರು ಬಂತು. ಇಪ್ಪತ್ತೈದು ವರ್ಷಗಳಿಗೂ ಮೇಲೆ ಆ ಹೆಸರನ್ನು ಸುಮ್ಮನೆ ಹೊತ್ತುಕೊಂಡು ಬಂದಿದ್ದೇನೆ. ನಿಜ ಸಂಗತಿ ಬೇರೆ. ಅದಕ್ಕೆ ಹಿಂದಿನ ವರ್ಷ ನಮ್ಮ ಅಜ್ಜನನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಎಂಟು ರಾತ್ರಿ ನಾನು ಅವರ ಮಂಚದ ಬಳಿ ಇದ್ದೆ. ಅಕ್ಕಪಕ್ಕದ ಮಂಚಗಳ ನರಳಾಟ ಕೇಳಿ ಕೇಳಿ, ಐದನೆಯ ರಾತ್ರಿ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಬೆಳಗಾಗುವವರೆಗೆ ಬೆಂಚಿನ ಮೇಲೆ ಕುಳಿತೆ. ಇನ್ನೊಬ್ಬರ ನೋವಿನ ಎದುರು ನಿಲ್ಲುವುದು ನನ್ನಿಂದಾಗದೆಂದು ಅಂದೇ ತಿಳಿದಿತ್ತು. ನಾನು ಹೊಲವನ್ನು ಉಳಿಸಲಿಲ್ಲ. ಹೆದರಿ ಹಿಂದೆ ಸರಿದೆ. ತಂದೆಯವರಿಗೆ ಇದನ್ನು ಎಂದೂ ಹೇಳಿಲ್ಲ. ಭಾಲ್ಕಿಯ ಮನೆಗೆ ಈ ಪತ್ರಿಕೆ ಬರುತ್ತದೆ, ಇಂದು ಓದುತ್ತಾರೆ.

ಹೇಳಲಿಲ್ಲವೇಕೆ? ಹೇಳುವ ಮಾತೇ ನನ್ನಲ್ಲಿ ಇರಲಿಲ್ಲ. ನಾನು ಓದಿದ ಕಥೆಗಳಲ್ಲಿ ಹುಡುಗರು ಬಡತನದಿಂದ ವಿದ್ಯೆ ಬಿಟ್ಟಿದ್ದರು, ತ್ಯಾಗದಿಂದ ಬಿಟ್ಟಿದ್ದರು, ದೇಶಕ್ಕಾಗಿ ಬಿಟ್ಟಿದ್ದರು. ನನ್ನಿಂದಾಗದು ಎಂದು ತನ್ನನ್ನು ತಾನೇ ಅಳೆದುಕೊಂಡು ಬಿಟ್ಟ ಹುಡುಗ ಯಾವ ಕಥೆಯಲ್ಲಿಯೂ ಸಿಕ್ಕಿರಲಿಲ್ಲ. ಸಿಕ್ಕಿದ ವೇಷಗಳಲ್ಲಿ ಒಂದನ್ನು ತೊಟ್ಟುಕೊಂಡೆ.

ಅಂಥ ಹುಡುಗ ಸಿಕ್ಕಿದ್ದು ಎಂ.ಎ. ಓದುವಾಗ, ಇಂಗ್ಲಿಷಿನಲ್ಲಿ. ಸಾಮರ್‌ಸೆಟ್ ಮಾಮ್ ೧೮೯೭ರಲ್ಲಿ ಲಂಡನ್ನಿನಲ್ಲಿ ವೈದ್ಯಪದವಿ ಪಡೆದು, ಆ ವೃತ್ತಿಯನ್ನು ಹಿಡಿಯದೆ ಬರಹಗಾರನಾದವನು. ಅವನ 'ಆಫ್ ಹ್ಯೂಮನ್ ಬಾಂಡೇಜ್' ಕಾದಂಬರಿ ೧೯೧೫ರಲ್ಲಿ ಹೊರಬಂತು. ಅದರ ನಾಯಕ ಫಿಲಿಪ್ ಕ್ಯಾರಿ ತಂದೆತಾಯಿಯಿಲ್ಲದ, ಹುಟ್ಟಿನಿಂದ ಒಂದು ಪಾದ ಊನವಾದ ಹುಡುಗ. ಪಾದ್ರಿಯಾಗಲೆಂದು ಚಿಕ್ಕಪ್ಪನ ಆಸೆ, ಅವನಿಗೆ ಬೇಡ. ಲೆಕ್ಕಪತ್ರದ ಕಚೇರಿ ಸೇರುತ್ತಾನೆ, ಹಿಡಿಸುವುದಿಲ್ಲ. ಪ್ಯಾರಿಸ್ಸಿಗೆ ಹೋಗಿ ಎರಡು ವರ್ಷ ಚಿತ್ರಕಲೆ ಕಲಿಯುತ್ತಾನೆ. ತನ್ನ ಪ್ರತಿಭೆ ಎರಡನೆಯ ದರ್ಜೆಯದೆಂದು ತಿಳಿಯುತ್ತದೆ. ಕೊನೆಗೆ ತೀರಿಹೋದ ತಂದೆಯ ಕಸುಬಾದ ವೈದ್ಯಕ್ಕೆ ಬರುತ್ತಾನೆ. ಬರುವಾಗ ಆವೇಶವಿಲ್ಲ, ಕರೆ ಬಂತೆಂಬ ಭ್ರಮೆಯಿಲ್ಲ. ಮುಂದೆ ಹೊರರೋಗಿಗಳ ವಿಭಾಗದಲ್ಲಿ ಬಗೆಬಗೆಯ ಜನ ಎದುರಿಗೆ ಕುಳಿತಾಗ ಮೊದಲ ಸಲ ಅವನಿಗೆ ಇದು ನನ್ನ ಜಾಗವೆನಿಸುತ್ತದೆ. ಒಂದು ಸನ್ನಿವೇಶದಲ್ಲಿ ಪಾದ ಊನವಾದ ಬಾಲಕನೊಬ್ಬನನ್ನು ಪರೀಕ್ಷಿಸುತ್ತಿರುವ ಸರ್ಜನ್, ಫಿಲಿಪ್‌ಗೆ ಅವನ ಪಾದವನ್ನೂ ತೋರಿಸಲು ಹೇಳುತ್ತಾನೆ. ಸಹಪಾಠಿಗಳೆಲ್ಲ ಸುತ್ತ ನಿಂತು ನೋಡುತ್ತಾರೆ. ವೈದ್ಯನಾಗುವವನು ರೋಗಿಯ ಜಾಗದಲ್ಲಿ ನಿಂತು ನಾಚಿಕೆಯನ್ನು ನುಂಗುವ ಆ ಗಳಿಗೆ, ಕಾದಂಬರಿಯ ಎಷ್ಟೋ ಪ್ರಣಯ ಸನ್ನಿವೇಶಗಳಿಗಿಂತ ಮಿಗಿಲು. ಮಾಮ್ ಇಲ್ಲಿ ತೋರಿಸುವುದೇನೆಂದರೆ, ವೃತ್ತಿಯ ಆಯ್ಕೆ ಒಂದು ದಿನದಲ್ಲಿ ಆಗುವುದಲ್ಲ. ಕೆಲವರಿಗೆ ಒಳಗೆ ಹೋದ ಮೇಲೆ ಆಗುತ್ತದೆ, ಕೆಲವರಿಗೆ ಸೋತು ಬಂದ ಮೇಲೆ.

ಇದು ದೂರದ ದೇಶದ ಮಾತೆಂದು ಯಾರಾದರೂ ಹೇಳಬಹುದು. ಹಾಗಾದರೆ ಬಂಗಾಳಕ್ಕೆ ಬರೋಣ. ತಾರಾಶಂಕರ ಬಂದ್ಯೋಪಾಧ್ಯಾಯರ 'ಆರೋಗ್ಯ ನಿಕೇತನ' ೧೯೫೩ರದು. ೧೯೫೬ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದರ ಜೀವನ್ ಮಶಾಯ್ ವಂಶಪಾರಂಪರ್ಯದ ನಾಡಿವೈದ್ಯ. ನಾಡಿ ಹಿಡಿದರೆ ಮರಣದ ಹೆಜ್ಜೆಯ ಸಪ್ಪಳ ಕೇಳಬಲ್ಲ ಮುದುಕ. ಊರಿಗೆ ಹೊಸ ವೈದ್ಯಶಾಸ್ತ್ರ ಕಲಿತ ತರುಣ ಡಾಕ್ಟರ್ ಬಂದಾಗ ಇಬ್ಬರಿಗೂ ಘರ್ಷಣೆ. ಹಳತು ಹೊಸತರ ಜಗಳವೆಂದು ಈ ಕಾದಂಬರಿಯನ್ನು ಓದುವುದು ವಾಡಿಕೆ. ನನಗೆ ಅದು ಕೈತಪ್ಪಿದ ಆಯ್ಕೆಯ ಕಥೆಯಾಗಿ ಹೆಚ್ಚು ಹಿಡಿಸುತ್ತದೆ. ಜೀವನ್ ತಾರುಣ್ಯದಲ್ಲಿ ಇಂಗ್ಲಿಷ್ ವೈದ್ಯ ಕಲಿತು ಡಾಕ್ಟರಾಗಬೇಕೆಂದು ಹೊರಟವನು. ಮಂಜರಿ ಎಂಬ ಹುಡುಗಿಯ ಕಾರಣಕ್ಕೆ ನಡೆದ ಹೊಡೆದಾಟದಿಂದ ಓದು ನಿಂತು, ಊರಿಗೆ ಮರಳಿ ತಂದೆಯ ಬಳಿ ನಾಡಿವಿದ್ಯೆ ಕಲಿಯುತ್ತಾನೆ. ಆ ವಿದ್ಯೆಯಲ್ಲಿ ಪಾರಂಗತನಾಗುತ್ತಾನೆ, ಜನರ ಗೌರವ ಗಳಿಸುತ್ತಾನೆ. ಆದರೂ ಆಗದೆ ಹೋದ ಡಾಕ್ಟರ್ ಅವನೊಳಗೆ ಮುಪ್ಪಿನವರೆಗೆ ಉಸಿರಾಡುತ್ತಿರುತ್ತಾನೆ. ತರುಣ ವೈದ್ಯನ ಮೇಲಿನ ಅವನ ಸಿಟ್ಟಿನಲ್ಲಿಯೂ ಮಮತೆಯಲ್ಲಿಯೂ ಆ ನೆರಳಿದೆ. ಹದಿಹರೆಯದ ಒಂದು ತಿರುವು ಮುದುಕನ ಕೈಬೆರಳಲ್ಲಿ ಮಿಡಿಯುವಂತೆ ಮಾಡಿದ್ದು ತಾರಾಶಂಕರರ ದೊಡ್ಡತನ. ಜೀವನ್ ಡಾಕ್ಟರಾಗಿಯೇ ಕಥೆಗೆ ಬಂದಿದ್ದರೆ ಈ ಆಳ ಎಲ್ಲಿಂದ ಬರುತ್ತಿತ್ತು?

ಬಂಗಾಳದಲ್ಲಿ ಆದದ್ದು ಇಲ್ಲಿ ಏಕಾಗಲಿಲ್ಲ? ನನಗೆ ತೋರುವ ಕಾರಣ ಎರಡು. ಒಂದು, ನಮ್ಮಲ್ಲಿ ಈ ನಿರ್ಧಾರ ಮಗುವಿನದಲ್ಲ, ಮನೆಯದು. ಮನೆ ನಿರ್ಧರಿಸಿದ ಮೇಲೆ ಮಗುವಿಗೆ ಉಳಿಯುವುದು ಗೆಲುವು ಅಥವಾ ಸೋಲು, ಯೋಚನೆಯಲ್ಲ. ಗೆಲುವು ಸೋಲುಗಳಿಂದ ಸುದ್ದಿಯಾಗುತ್ತದೆ, ಕಾದಂಬರಿಯಾಗುವುದಿಲ್ಲ. ಕೈಲಾಸಂ ಈ ರೋಗವನ್ನು ಬಹಳ ಹಿಂದೆಯೇ ಹಿಡಿದಿದ್ದರು. 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆಯ ಅಂಕದಿಂದ ಮಕ್ಕಳ ಬೆಲೆ ಕಟ್ಟುವ ಮನೆಯನ್ನು ನೋಡಿ ನಕ್ಕರು, ನಗಿಸಿದರು. ಸ್ವತಃ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ, ಸರ್ಕಾರಿ ಕೆಲಸ ಹಿಡಿದು, ಅದನ್ನು ಬಿಟ್ಟು ರಂಗಭೂಮಿಗೆ ಬಂದವರು ಅವರು. ನಾಟಕ ಅಂದು ಹೇಳಿದ್ದನ್ನು ಕಾದಂಬರಿ ಮುಂದುವರಿಸಬೇಕಾಗಿತ್ತು, ಮುಂದುವರಿಸಲಿಲ್ಲ.

ಎರಡನೆಯದು ಭಾಷೆಯ ಕಾರಣ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಭಾಗದಲ್ಲಿ ಅರಿಯದವರಿಲ್ಲ. ಅದೇ ಕಾಲದಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಉರ್ದುವಿನಲ್ಲಿಯೇ ಕಲಿಸುತ್ತಿದ್ದರು. ದೇಶಭಾಷೆಯಲ್ಲಿ ಡಾಕ್ಟರಾಗಬಹುದೆಂದು ಆ ರಾಜ್ಯ ತೋರಿಸಿತು; ಆದರೆ ಆ ಭಾಷೆ ಬೀದರಿನ ಕನ್ನಡದ ಮಗುವಿನ ಮನೆಮಾತಾಗಿರಲಿಲ್ಲ. ಇಂದು ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ಒಳಗೆ ಹೋದ ಮೇಲಿನ ಪಾಠ ಇಂಗ್ಲಿಷಿನದೇ. ಹೀಗಾಗಿ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಪಿ.ಯು.ಸಿ.ಯಲ್ಲಿ ಅಂಕ ತಂದು ಕೊಟ್ಟು ಬಾಗಿಲಲ್ಲಿಯೇ ನಿಂತುಬಿಡುವ ಭಾಷೆ. ಬಾಗಿಲಾಚೆ ನಡೆಯುವ ಬಾಳು ಆ ಭಾಷೆಗೆ ಗೊತ್ತಾಗುವುದಿಲ್ಲ. ಒಳಗೆ ಹೋದವರು ಹಿಂತಿರುಗಿ ಬಂದು ಕನ್ನಡದಲ್ಲಿ ಬರೆದಾಗಲೂ ರೋಗಿಗೆ ಬುದ್ಧಿ ಹೇಳಲು ಬರೆಯುತ್ತಾರೆ. ತಮ್ಮ ಅಳುಕನ್ನು ಹೇಳಿಕೊಳ್ಳಲು ಬರೆಯುವುದು ಕಡಿಮೆ.

ಸಾಹಿತ್ಯವೇನು ಉದ್ಯೋಗ ಮಾರ್ಗದರ್ಶನದ ಕಚೇರಿಯೆ ಎಂದು ಮಿತ್ರರೊಬ್ಬರು ನನ್ನನ್ನು ಹಾಸ್ಯ ಮಾಡಿದರು. ಅಲ್ಲ, ಆಗಲೂ ಬಾರದು. ಡಾಕ್ಟರಾಗು ಎಂದಾಗಲಿ ಆಗಬೇಡ ಎಂದಾಗಲಿ ಹೇಳುವ ಕಾದಂಬರಿ ಕೆಟ್ಟ ಕಾದಂಬರಿ. ನಾನು ಕೇಳುತ್ತಿರುವುದು ಉತ್ತರವನ್ನಲ್ಲ, ಜೊತೆಯನ್ನು. ಹಿಂದೆ ಇನ್ನೊಬ್ಬರೂ ಹೀಗೆಯೇ ಕಳವಳಪಟ್ಟಿದ್ದರು, ಅದರಿಂದ ಅವರು ಸಣ್ಣವರಾಗಲಿಲ್ಲ ಎಂದು ತಿಳಿದರೆ, ಹೂಂ ಎನ್ನುವ ಮಗು ಗಟ್ಟಿಯಾಗಿ ಹೂಂ ಎಂದೀತು. ಒಲ್ಲೆನೆನ್ನುವ ಮಗು ನನ್ನಂತೆ ಸುಳ್ಳು ಹೇಳದೆ ಒಲ್ಲೆನೆಂದೀತು. ಅನುಮಾನಿಸಿ ನೋಡಿ ಒಪ್ಪಿಕೊಂಡ ಡಾಕ್ಟರಿಗೂ, ಅಂಕ ಬಂತೆಂದು ನೂಕಿಸಿಕೊಂಡು ಹೋದ ಡಾಕ್ಟರಿಗೂ ನಡುವಿನ ವ್ಯತ್ಯಾಸವನ್ನು ಒಂದು ದಿನ ಭರಿಸುವವರು ಮಂಚದ ಮೇಲೆ ಮಲಗಿದ ನಾವೇ.

ಹುಡುಗಿ ಮತ್ತೆ ಬಂದಳು. ಕೊಡಲು ಕನ್ನಡದ ಪುಸ್ತಕ ಸಿಗಲಿಲ್ಲವೆಂದು ಒಪ್ಪಿಕೊಂಡೆ. ಅದರ ಬದಲು ಫಿಲಿಪ್ ಕ್ಯಾರಿಯ ಕಥೆಯನ್ನೂ ಜೀವನ್ ಮಶಾಯನ ಕಥೆಯನ್ನೂ ಬಾಯಿಂದಲೇ ಹೇಳಿದೆ. ಬಸ್ ಸ್ಟ್ಯಾಂಡಿನ ಬೆಂಚಿನ ಕಥೆಯನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ನನಗ ನೋವು ನೋಡಿದ್ರ ಓಡ್ಬೇಕು ಅನಸಂಗಿಲ್ರಿ ಸರ್. ಹತ್ರ ಹೋಗ್ಬೇಕು ಅನಸ್ತದ. ಫಿಸಿಕ್ಸ್ ನೋಡಿದ್ರ ಓಡ್ಬೇಕು ಅನಸ್ತದ" ಎಂದಳು. ಇಬ್ಬರೂ ನಕ್ಕೆವು. ಅವಳು ಇನ್ನೂ ನಿರ್ಧರಿಸಿಲ್ಲ. ಆದರೆ ತೂಗುವ ತಕ್ಕಡಿ ಈಗ ಅವಳ ಕೈಯಲ್ಲಿದೆ ಎಂದು ನನಗನಿಸಿತು.

ಬೀದರಿನ ವೈದ್ಯಕೀಯ ಕಾಲೇಜಿನಲ್ಲಿ, ಕಲಬುರಗಿಯಲ್ಲಿ, ಇನ್ನೆಲ್ಲೆಲ್ಲಿಯೋ ಈ ಹೊತ್ತು ನಮ್ಮ ಔರಾದ್, ಭಾಲ್ಕಿಯ ಮಕ್ಕಳು ಬಿಳಿಯ ಕೋಟು ತೊಟ್ಟು ಓಡಾಡುತ್ತಿದ್ದಾರೆ. ನಾವು ಮೇಷ್ಟರುಗಳು ಬರೆಯಲಾಗದ ಕಥೆ ಅವರ ಬಳಿ ಇದೆ. ಅವರಲ್ಲಿ ಒಬ್ಬರಾದರೂ ಕೋಟು ತೊಡುವುದಕ್ಕೆ ಹಿಂದಿನ ದಿನದ ಕಥೆಯನ್ನು, ಅಂಜಿಕೆಯನ್ನೂ ಬಿಡದೆ, ಕನ್ನಡದಲ್ಲಿ ಬರೆಯಲಿ. ಮುಂದಿನ ವರ್ಷ ಬಾಗಿಲಲ್ಲಿ ಇನ್ನೊಬ್ಬಳು ಬಂದು ನಿಂತಾಗ ಕೈಗೆ ಕೊಡಲು ನನಗೊಂದು ಪುಸ್ತಕ ಬೇಕಾಗಿದೆ.